ಕಲೆ ಹಾಸಿಗೆಯ ಮೇಲೆ, ತೂತು ಮೂತಿಯಲ್ಲಿ

ಎಂಟು ದಿನದ ಸುತ್ತಾಟದಲ್ಲಿ ಮೊದಲ ನಾಲ್ಕು ದಿನ ಒಣ ಬಯಲು, ನೇರ ರಸ್ತೆ. ಐದನೆಯ ಸಂಜೆ ಮೋಟಾರ್‌ಹೋಮ್ (ಹಾಸಿಗೆ, ಒಲೆ ಇರುವ ಮನೆಗಾಡಿ) ಬೆಟ್ಟ ಹತ್ತಿತು, ಮಳೆ ಹಿಡಿಯಿತು. ಬೆಳಗಾಗುವಷ್ಟರಲ್ಲಿ ಹಿಂಬದಿಯ ಹಾಸಿಗೆಯ ನೆತ್ತಿಗೆ ತಟ್ಟೆಯಗಲದ ಕಂದು ಕಲೆ, ಹೊದಿಕೆಯೆಲ್ಲ ಒದ್ದೆ. ಕಲೆಯಿಂದ ಗೇಣು ದೂರದಲ್ಲೇ ಚಾವಣಿಯ ವೆಂಟ್, ಅಂದರೆ ಗಾಳಿಕಿಂಡಿ. ಅನುಮಾನ ಬಂದದ್ದು ಅದರ ಮೇಲೆಯೇ.

ಪಕ್ಕದಲ್ಲಿ ಗಾಡಿ ನಿಲ್ಲಿಸಿದ್ದ ಹಿರಿಯರೊಬ್ಬರು ಒಳಗೆ ಬಂದರು, ಕಲೆಯ ಕಡೆ ಸರಿಯಾಗಿ ನೋಡಲೂ ಇಲ್ಲ.

‘ರಾತ್ರಿ ಗಾಡಿ ಮೂತಿ ಎತ್ತಿ ನಿಂತಿತ್ತಾ?’

‘ಹೌದು ಸಾರ್, ಜಾಗ ಇಳಿಜಾರು.’

‘ಹಾಗಾದ್ರೆ ವೆಂಟ್ ಮುಟ್ಟಬೇಡಿ. ಮುಂದಿನಿಂದ ಹುಡುಕಿ.’

‘ಕಲೆ ಇರೋದು ಹಿಂದೆ ಅಲ್ವಾ?’

‘ನೀರು ಒಳಗೆ ಬಂದ ಜಾಗದಲ್ಲೇ ತೊಟ್ಟಿಕ್ಕಲ್ಲ ಕಣ್ರೀ. ವೈರ್ ಹಿಡ್ಕೊಂಡು ಹೋಗಿ ಎಲ್ಲಿ ತಡೆ ಸಿಗುತ್ತೋ ಅಲ್ಲಿ ಬೀಳುತ್ತೆ.’

ಚಾವಣಿ ಒಂದೇ ಹಲಗೆಯಲ್ಲ. ಮೇಲೆ ರಬ್ಬರ್ ಹಾಳೆ, ಅದರಡಿ ತೆಳು ಪ್ಲೈವುಡ್, ಅಡ್ಡಪಟ್ಟಿ, ನಡುವೆ ಉಷ್ಣ ತಡೆಯುವ ಫೋಮ್, ಕೊನೆಗೆ ಒಳಹಲಗೆ. ಈ ಪದರಗಳ ಸಂದಿನಲ್ಲಿ ನೀರು ಹಲವು ಅಡಿ ಸರಿಯಬಲ್ಲದು. ಹಾಗಾಗಿ ಸೋರಿದ ದಿನ ಗಾಡಿ ಯಾವ ಕಡೆ ವಾಲಿತ್ತು ಎಂದು ಬರೆದಿಟ್ಟುಕೊಂಡರೆ ಅರ್ಧ ಹುಡುಕಾಟ ತಪ್ಪುತ್ತದೆ.

ಅಂದು ರಾತ್ರಿ ಗಾಡಿಯನ್ನು ತಿರುಗಿಸಿ ಮೂತಿ ತಗ್ಗಿಸಿ ನಿಲ್ಲಿಸಿದಾಗ ಹಾಸಿಗೆ ಒಣಗಿಯೇ ಇತ್ತು. ಇದನ್ನು ರಿಪೇರಿ ಎಂದುಕೊಳ್ಳಬಾರದು; ನೀರು ಆಗ ಮುಂಗೋಡೆಯೊಳಗೆ ಇಳಿಯುತ್ತದೆ, ಕಾಣುವುದಿಲ್ಲ, ಅಷ್ಟೇ. ಟಾರ್ಪಾಲಿನ್ ಹೊದಿಸಲೇಬೇಕು. ಒದ್ದೆ ಚಾವಣಿಗೆ ಸೀಲೆಂಟ್ (ಸಂದು ಮುಚ್ಚುವ ಅಂಟು) ಬಳಿದರೆ ಹಿಡಿಯುವುದಿಲ್ಲ.

ಏಳನೆಯ ದಿನ ಬಿಸಿಲು. ಕಣಿವೆಯ ಮಂಜು ಸೊಗಸಾಗಿತ್ತಂತೆ; ಏಣಿ ಹತ್ತಿ ಕೂತವರಿಗೆ ಅದು ಸಿಗಲಿಲ್ಲ. ಕಿಟಕಿ ಬಾಗಿಲು ಮುಚ್ಚಿ, ವೆಂಟ್ ಮೂಲಕ ಬ್ಲೋವರ್‌ನಿಂದ ಒಳಗೆ ಮೆಲ್ಲಗೆ ಗಾಳಿ ತುಂಬಿ, ಹೊರಗೆ ಪ್ರತಿ ಜೋಡಣೆಗೂ ಸೋಪಿನ ನೀರು ಸಿಂಪಡಿಸಿದರೆ ತೂತಿರುವಲ್ಲಿ ಗುಳ್ಳೆ ಏಳುತ್ತದೆ. ವೆಂಟ್, ಆಂಟೆನಾ ಬುಡ, ಎಸಿ ಸುತ್ತ ಏನೂ ಇಲ್ಲ. ಮುಂಬದಿಯ ಅಂಚುಪಟ್ಟಿಯ ಮೂರನೆಯ ಸ್ಕ್ರೂ ಬಳಿ ಗುಳ್ಳೆ ಬುಸುಬುಸು ಎಂದಿತು. ಪಟ್ಟಿಯ ಪ್ಲಾಸ್ಟಿಕ್ ಮುಚ್ಚಳ ಎಳೆದರೆ ಒಳಗೆ ತುಕ್ಕು ಹಿಡಿದ ಸ್ಕ್ರೂ, ಅದರ ಮೇಲೆ ಹಿಂದೆ ಯಾರೋ ಮೆತ್ತಿದ್ದ ಸಿಲಿಕೋನ್.

ಈ ಸಿಲಿಕೋನ್ ಮೆತ್ತುವವರ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಅದರ ಮೇಲೆ ಬೇರೇನೂ ಅಂಟದು, ಹೊಸ ಸಿಲಿಕೋನ್ ಕೂಡ. ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ಪೂರ್ತಿ ಕೆರೆದು, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಬೇಕು. ಚಾವಣಿಯ ಹಾಳೆ ಇಪಿಡಿಎಂ ಎಂಬ ಬಗೆಯ ರಬ್ಬರ್; ಅದಕ್ಕೆ ಪೆಟ್ರೋಲ್, ಸೀಮೆಎಣ್ಣೆ ತಾಗಿಸಿದರೆ ಉಬ್ಬಿಕೊಳ್ಳುತ್ತದೆ. ಆಮೇಲೆ ಪಟ್ಟಿಯ ಕೆಳಗೆ ಹೊಸ ಬ್ಯುಟೈಲ್ ಟೇಪ್, ಅಂದರೆ ಮೆತ್ತನೆಯ ಅಂಟು ರಬ್ಬರ್ ಪಟ್ಟಿ. ಹಳೆಯ ರಂಧ್ರ ಸಡಿಲಾಗಿದ್ದರೆ ಒಂದು ಅಳತೆ ದಪ್ಪದ ಸ್ಟೇನ್‌ಲೆಸ್ ಸ್ಕ್ರೂ, ಮರ ಕೊಳೆತಿದ್ದರೆ ಮರವನ್ನೇ ಬದಲಿಸಬೇಕು. ಹೊರಬಂದ ಟೇಪ್ ಕತ್ತರಿಸಿ, ಸ್ಕ್ರೂ ತಲೆ ಮುಳುಗುವಂತೆ ಲ್ಯಾಪ್ ಸೀಲೆಂಟ್ (ಚಾವಣಿಯ ಜೋಡಣೆಗಳಿಗೆಂದೇ ಇರುವ ಸೀಲೆಂಟ್) ಹಾಕಬೇಕು. ಸಮತಟ್ಟಿನಲ್ಲಿ ತಾನೇ ಹರಡಿಕೊಳ್ಳುವ ಬಗೆ, ನಿಂತ ಗೋಡೆಗೆ ಜಾರದ ಬಗೆ. ಅದಲುಬದಲಾದರೆ ಸೀಲೆಂಟ್ ಗೋಡೆಯುದ್ದಕ್ಕೂ ಇಳಿದುಬರುತ್ತದೆ.

ಬೂಷ್ಟಿಗೆ ಇಷ್ಟೆಲ್ಲ ಸಮಯ ಬೇಡ. ಒದ್ದೆಯಾದ 24ರಿಂದ 48 ಗಂಟೆಯೊಳಗೆ ಬೇರೂರಬಲ್ಲದು. ಒಳಹಲಗೆ ಬಿಚ್ಚಿದಾಗ ಮುಗ್ಗಲು ವಾಸನೆಯ ಜೊತೆಗೆ ಕಪ್ಪು ಚುಕ್ಕೆಗಳೂ ಕಂಡವು. ಎನ್95 ಮಾಸ್ಕ್, ಕೈಗವಸು, ಕನ್ನಡಕ ಇಲ್ಲದೆ ಕೈಹಾಕಬಾರದು. ಫ್ಯಾನ್ ಬೀಸಿದರೆ ಬೀಜಕಣ ಗಾಡಿಯಿಡೀ ಹರಡುತ್ತದೆ. ಗಟ್ಟಿ ಮೇಲ್ಮೈಯನ್ನು ಡಿಟರ್ಜೆಂಟ್ ನೀರಿನಲ್ಲಿ ಉಜ್ಜಬಹುದು. ನೆನೆದ ಫೋಮ್, ಉಬ್ಬಿದ ಪ್ಲೈವುಡ್ ಎಸೆಯಬೇಕು. ಬ್ಲೀಚ್ ಹಾಕಿದರೆ ಮರದ ಮೇಲ್ಮೈ ಬೆಳ್ಳಗಾಗುತ್ತದೆಯೇ ಹೊರತು ಒಳಗಿನ ಬೂಷ್ಟು ಅಲ್ಲೇ ಉಳಿಯುತ್ತದೆ.

ಮಳೆಯಿಲ್ಲದ ಚಳಿರಾತ್ರಿಯಲ್ಲೂ ತೊಟ್ಟಿಕ್ಕಿದರೆ ಅದು ಸೋರಿಕೆಯಲ್ಲ, ಉಸಿರು ಮತ್ತು ಒಲೆಯ ಆವಿ. 1 ಕೆಜಿ ಪ್ರೊಪೇನ್ ಉರಿದರೆ ಸುಮಾರು 1.6 ಕೆಜಿ ನೀರು ಹುಟ್ಟುತ್ತದೆ. ಅಡುಗೆ ಮಾಡುವಾಗ ವೆಂಟ್ ತೆರೆದಿರಲಿ, ಹಾಸಿಗೆಯಡಿ ಗಾಳಿಯಾಡಲು ಪಟ್ಟಿಗಳಿರಲಿ.

ಎಂಟನೆಯ ದಿನ ಗಾಡಿ ಮನೆ ಸೇರಿತು, ಚಾವಣಿಯ ಒಳಹಲಗೆ ಬಿಚ್ಚಿದ್ದ ಹಾಗೆಯೇ. ತೇವಮಾಪಕದ ಮುಳ್ಳು ಚುಚ್ಚಿದಾಗ ಅಡ್ಡಪಟ್ಟಿಯಲ್ಲಿ 27 ಶೇಕಡಾ. ಗಾಳಿಯ ತೇವ ಹೀರುವ ಡಿಹ್ಯೂಮಿಡಿಫೈಯರ್ ಹಗಲೂ ರಾತ್ರಿ ಓಡಿ, ಹನ್ನೊಂದನೆಯ ದಿನ 14ಕ್ಕೆ ಇಳಿದ ಮೇಲಷ್ಟೇ ಹಲಗೆ ಮುಚ್ಚಿದ್ದು.