ಒಣ ಸಿಗಡಿ ಚಟ್ನಿ ಮತ್ತು ಅಯೋಡಿನ್-131

ಮಲ್ಪೆ ಕಡೆಯವರು. ಥೈರಾಯ್ಡ್ ಕ್ಯಾನ್ಸರಿಗೆ ಆಪರೇಷನ್ ಆಗಿತ್ತು. ಉಳಿದ ಥೈರಾಯ್ಡ್ ಜೀವಕೋಶಗಳನ್ನು ವಿಕಿರಣದಿಂದ ಸಾಯಿಸುವ ರೇಡಿಯೋ ಅಯೋಡಿನ್‌ಗೆ ಅಂತ ಮಂಗಳೂರಿನ ನಮ್ಮ ನ್ಯೂಕ್ಲಿಯರ್ ಮೆಡಿಸಿನ್‌ಗೆ ಬಂದಿದ್ದರು. ವಿಕಿರಣದ ಔಷಧಿ ಇಡುವ ಹಾಟ್ ಲ್ಯಾಬಿನ ಸೀಸದ ಪಾಟ್‌ನಲ್ಲಿ ಅವರ ಡೋಸ್ ರೆಡಿ. ಡೋಸ್ ಅಳೆಯುವ ಕ್ಯಾಲಿಬ್ರೇಟರಿಗೆ ಹಾಕುವ ಮೊದಲು ಸುಮ್ನೆ ಕೇಳಿದೆ, "ಎರಡು ವಾರ ಮೀನು ಬಿಟ್ಟಿದ್ರಿ ಅಲ್ವಾ?"

"ಮುಟ್ಟಲೇ ಇಲ್ಲ ಮಾರಾಯ್ರೆ. ಗಂಜಿಗೆ ಒಣ ಸಿಗಡಿ ಚಟ್ನಿ ಮಾತ್ರ."

"ದಿನಾ?"

"ಮತ್ತೆ ಗಂಜಿ ಇಳಿಯುವುದು ಹೇಗೆ?"

ಪಾಟ್ ಮುಚ್ಚಿ ಡಾಕ್ಟರಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ, ಎಂಗೇಜ್. ಅಷ್ಟರಲ್ಲಿ ಇವರು, "ಸಿಗಡಿಯ ಅಯೋಡಿನ್ ಬೇರೆ, ನಿಮ್ಮದು ಬೇರೆ ಅಲ್ವಾ? ಎಂಥ ತೊಂದರೆ?" ಅಂದರು.

ಪ್ರಶ್ನೆ ಸರಿಯಾದದ್ದೇ. ಎರಡರಲ್ಲೂ ಪ್ರೋಟಾನ್ 53. ಸಮುದ್ರದ್ದರಲ್ಲಿ ನ್ಯೂಟ್ರಾನ್ 74, ನಮ್ಮದರಲ್ಲಿ 78. ಈ ವ್ಯತ್ಯಾಸದಿಂದಲೇ ನಮ್ಮದು ಒಡೆದು ಬೀಟಾ ಕಣ (ವೇಗದ ಎಲೆಕ್ಟ್ರಾನ್) ಹೊರಗೆ ಬಿಡುತ್ತದೆ. ಆದರೆ ಥೈರಾಯ್ಡ್ ಜೀವಕೋಶಕ್ಕೆ ಇದು ಯಾವುದೂ ಗೊತ್ತಾಗುವುದಿಲ್ಲ. ಅದಕ್ಕೆ ಎರಡೂ ಅಯೋಡಿನ್ನೇ. ಚಟ್ನಿಯದ್ದು ಮೊದಲೇ ಹೋಗಿ ಸೀಟು ಹಿಡಿದಿದ್ದರೆ ನಮ್ಮದು ಮೂತ್ರದಲ್ಲಿ ಹೊರಗೆ. ಹೀಗೆ ತೂಕ ಬೇರೆಯಾದರೂ ಆವರ್ತ ಕೋಷ್ಟಕದಲ್ಲಿ ಒಂದೇ ಮನೆಯಲ್ಲಿ ಕೂರುವ ಪರಮಾಣುಗಳಿಗೆ ಫ್ರೆಡರಿಕ್ ಸಾಡಿ 1913ರಲ್ಲಿ ಐಸೋಟೋಪ್ ಎಂಬ ಹೆಸರು ಬಳಸಿದರು. ಗ್ರೀಕ್‌ನಲ್ಲಿ ಐಸೋಸ್ ಅಂದರೆ ಸಮ, ಟೋಪೋಸ್ ಅಂದರೆ ಜಾಗ. ಆ ಹೆಸರು ಸೂಚಿಸಿದ್ದು ಮಾರ್ಗರೆಟ್ ಟಾಡ್, ಕೆಮಿಸ್ಟ್ ಅಲ್ಲ, ಡಾಕ್ಟರ್. ನಮ್ಮ ಡಿಪಾರ್ಟ್‌ಮೆಂಟಿನವರು ಸ್ವಲ್ಪ ಜಂಬ ಪಡಬಹುದು.

ಕೊನೆಗೆ ಡಾಕ್ಟರ್ ಸಿಕ್ಕಿದರು. "ಇವತ್ತು ಬೇಡ. ಡಯಟ್ ಮೊದಲಿನಿಂದ."

ನಿಜವಾದ ಗಲಾಟೆ ಆಮೇಲೆ. ಪರ್ಚೇಸ್‌ನವರ ಫೋನು. "ಫ್ರಿಜ್‌ನಲ್ಲಿ ಇಡಿ, ಎರಡು ವಾರ ಬಿಟ್ಟು ಅವರಿಗೇ ಕೊಡಿ." ಅಯೋಡಿನ್-131ರ ಅರ್ಧಾಯುಷ್ಯ 8 ದಿನ, ಅಂದರೆ ಪ್ರತಿ 8 ದಿನಕ್ಕೆ ಇದ್ದದ್ದರಲ್ಲಿ ಅರ್ಧ ಖಾಲಿ. ಎರಡು ವಾರಕ್ಕೆ ಮೂರನೇ ಒಂದು ಪಾಲೂ ಉಳಿಯುವುದಿಲ್ಲ. ಐಸಿನಲ್ಲಿಟ್ಟರೂ ಅಷ್ಟೇ, ಕುದಿಸಿದರೂ ಅಷ್ಟೇ. ಹೇಳಿದರೆ, "ಹಾಗಾದ್ರೆ ಮುಚ್ಚಳ ಸರಿ ಹಾಕಿಲ್ವಾ?" ಅಂತ ಕೇಳಿದರು!

ನಮ್ಮ ಡಯಟ್ ಶೀಟ್ ಪೂರ್ತಿ ಇಂಗ್ಲಿಷ್. ಸೀ ಫುಡ್ ಅಂತ ಒಂದೇ ಸಾಲು. ಒಣಮೀನಿನ ಹೆಸರಿಲ್ಲ, ಅಯೋಡಿನ್ ಉಪ್ಪು ಎಲ್ಲೋ ಕೆಳಗೆ. ಈಗ ನಾನು ಡಯಟ್ ಶುರುವಾದ ವಾರದಲ್ಲೇ ಮನೆಗೆ ಫೋನ್ ಮಾಡುತ್ತೇನೆ. ಮೀನು ಬಿಟ್ರಾ ಅಂತಲ್ಲ, ಊಟಕ್ಕೆ ನೆಂಚಿಕೊಳ್ಳಲು ಎಂಥ ಇತ್ತು ಅಂತ ಕೇಳುವುದು. ಕನ್ನಡದ ಶೀಟ್ ಬರೆದು ಕೊಟ್ಟಾಗಿದೆ. ಕ್ವಾಲಿಟಿಯವರ ಅಪ್ರೂವಲ್ ಇನ್ನೂ ಬಂದಿಲ್ಲ.