ಕಾರುಗಳಿಲ್ಲದ ಆಲ್ಪ್ಸ್ ಘಾಟಿ: ಗ್ರೋಸೆ ಶೈಡೆಗ್‌ಗೆ ಸೈಕಲ್‌ನಲ್ಲಿ ಹೋಗುವವರಿಗೆ

ಸ್ವಿಟ್ಜರ್ಲೆಂಡಿಗೆ ಹೊರಟ ಸೈಕಲ್ ಗೆಳೆಯರು ಮೊದಲು ಕೇಳುವುದು, ಯಾವ ಘಾಟಿ ಹತ್ತಬೇಕು ಅಂತ. ಹೆಚ್ಚಿನವರ ಪಟ್ಟಿಯಲ್ಲಿ ಗ್ರಿಮ್ಸೆಲ್, ಫುರ್ಕಾ, ಸುಸ್ಟನ್ ಇರುತ್ತವೆ. ಮೂರೂ ಎರಡು ಸಾವಿರ ಮೀಟರ್ ದಾಟಿದ, ದೊಡ್ಡ ಹೆಸರಿನ ಘಾಟಿಗಳು. ಚೆನ್ನಾಗಿಯೂ ಇವೆ. ಆದರೆ ಬೇಸಿಗೆಯ ಶನಿವಾರ, ಭಾನುವಾರ ಅಲ್ಲಿ ಮೋಟಾರ್‌ಬೈಕುಗಳ ಸದ್ದು ಬಿಡುವುದೇ ಇಲ್ಲ. ಕೈಯಲ್ಲಿ ಒಂದೇ ದಿನ ಇದ್ದರೆ ನಾನು ಹೇಳುವ ಹೆಸರು ಬೇರೆ: ಗ್ರೋಸೆ ಶೈಡೆಗ್. ಮೈರಿಂಗನ್ ಊರಿನಿಂದ ಹೊರಟು, 1,962 ಮೀಟರ್ ಎತ್ತರದ ಘಾಟಿ ದಾಟಿ, ಐಗರ್ ಬೆಟ್ಟದ ಬುಡದಲ್ಲಿರುವ ಗ್ರಿಂಡೆಲ್ವಾಲ್ಡ್‌ಗೆ ಇಳಿಯುವ ದಾರಿ ಇದು.

ಇಲ್ಲಿ ಸದ್ದಿಲ್ಲದಿರುವುದಕ್ಕೆ ಕಾರಣ ಇದೆ. ಶ್ವಾರ್ಟ್ಸ್‌ವಾಲ್ಡಾಲ್ಪ್ ಎಂಬ ಜಾಗದಿಂದ ಮುಂದೆ ಸಾರ್ವಜನಿಕರ ಕಾರು, ಬೈಕುಗಳಿಗೆ ಪ್ರವೇಶ ಇಲ್ಲ. ಹಳದಿ ಬಣ್ಣದ ಪೋಸ್ಟ್ ಬಸ್ಸು ಓಡಾಡುತ್ತದೆ. ಹುಲ್ಲುಗಾವಲಿನಲ್ಲಿ ದನ ಮೇಯಿಸುವವರ ಗಾಡಿ ಆಗೊಮ್ಮೆ ಈಗೊಮ್ಮೆ ಬರುತ್ತದೆ. ಉಳಿದಂತೆ ರಸ್ತೆ ನಡೆಯುವವರದ್ದು, ಸೈಕಲ್‌ನವರದ್ದು. ಡಾಂಬರು ಹಾಕಿದ ಒಳ್ಳೆಯ ರಸ್ತೆ, ಅಗಲ ಮಾತ್ರ ಕಡಿಮೆ. ಒಂದು ಬಸ್ಸು ಬಂದರೆ ರಸ್ತೆ ತುಂಬಿಹೋಗುತ್ತದೆ.

ಮೈರಿಂಗನ್ ಇರುವುದು ಸುಮಾರು 595 ಮೀಟರ್ ಎತ್ತರದಲ್ಲಿ. ಅಂದರೆ ಹದಿನಾರು, ಹದಿನೇಳು ಕಿಲೋಮೀಟರಿನಲ್ಲಿ 1,370 ಮೀಟರಿನಷ್ಟು ಏರಬೇಕು. ಬೆಂಗಳೂರಿನ ಸೈಕಲ್‌ನವರಿಗೆ ಅರ್ಥವಾಗುವ ಲೆಕ್ಕದಲ್ಲಿ ಹೇಳುವುದಾದರೆ, ನಂದಿ ಬೆಟ್ಟವನ್ನು ಬುಡದಿಂದ ಹೆಚ್ಚುಕಡಿಮೆ ಮೂರು ಸಲ ಹತ್ತಿದಷ್ಟು, ಅದೂ ನಂದಿಗಿಂತ ಕಡಿದಾದ ದಾರಿಯಲ್ಲಿ. ಎತ್ತರದ ಬಗ್ಗೆ ಹೆದರಿಕೆ ಬೇಡ. ಘಾಟಿಯ ನೆತ್ತಿ ನಮ್ಮ ಮುಳ್ಳಯ್ಯನಗಿರಿಗಿಂತ ಸ್ವಲ್ಪ ಮೇಲಿದೆ, ಅಷ್ಟೇ. ಉಸಿರಿಗೆ ಗಾಳಿ ಸಾಲದು ಅನ್ನುವ ತೊಂದರೆ ಬರುವುದಿಲ್ಲ. ಸುಸ್ತಾಗುವುದು ಏರಿನಿಂದ.

ಆದ್ದರಿಂದ ಎಲ್ಲಕ್ಕಿಂತ ಮೊದಲು ಗೇರ್ ನೋಡಿಕೊಳ್ಳಿ. ಸೈಕಲ್ ಬಾಡಿಗೆಗೆ ತಗೊಳ್ಳುವಾಗ ಬ್ರ್ಯಾಂಡ್ ಕೇಳುವುದಕ್ಕಿಂತ ಹಲ್ಲುಗಳ ಲೆಕ್ಕ ಕೇಳಿ. ಮುಂದೆ ಪೆಡಲ್ ಹತ್ತಿರ 34 ಹಲ್ಲಿನ ಚಿಕ್ಕ ಹಲ್ಲುಚಕ್ರ, ಹಿಂದಿನ ದೊಡ್ಡ ಹಲ್ಲುಚಕ್ರದಲ್ಲಿ ಕನಿಷ್ಠ 32 ಹಲ್ಲು ಇರಲೇಬೇಕು. 34 ಸಿಕ್ಕರೆ ಇನ್ನೂ ಒಳ್ಳೆಯದು. ಶೇಕಡ 10ರ ಏರಿನಲ್ಲಿ ಕಿಲೋಮೀಟರ್‌ಗಟ್ಟಲೆ ಕೂತು ತುಳಿಯುವುದಕ್ಕೆ ಇದು ಬೇಕು. ದಪ್ಪ ಟೈರಿನ ಗ್ರಾವೆಲ್ ಸೈಕಲ್ ಆದರೂ ನಡೆಯುತ್ತದೆ. ಡಿಸ್ಕ್ ಬ್ರೇಕ್ ಇರುವುದನ್ನೇ ಆರಿಸಿ, ಕಾರಣ ಇಳಿಯುವಾಗ ಗೊತ್ತಾಗುತ್ತದೆ. ಮೊಣಕಾಲು ನೋವಿನವರು, ಜೊತೆಗೆ ಬರುವ ಮನೆಯವರು ಇ-ಬೈಕ್ ತಗೊಳ್ಳಲಿ, ಅದರಲ್ಲಿ ಸಂಕೋಚ ಏನೂ ಬೇಡ. ಆ ಕಣಿವೆಯಲ್ಲಿ ಅರ್ಧಕ್ಕರ್ಧ ಜನ ಇ-ಬೈಕಿನಲ್ಲೇ ಬಂದಂತೆ ನನಗೆ ಕಂಡಿತು.

ಊರಲ್ಲಿ ಅಭ್ಯಾಸ ಹೇಗೆ ಮಾಡಬೇಕು ಅಂತ ಕೇಳುತ್ತೀರಾ? ವೇಗದ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ನಂದಿಯನ್ನು ನಿಧಾನವಾಗಿ, ನಿಲ್ಲದೆ, ಒಂದೇ ಬೆಳಗ್ಗೆ ಎರಡು ಸಲ ಹತ್ತುವ ಮಟ್ಟಕ್ಕೆ ಬನ್ನಿ. ಎರಡನೇ ಸಲ ಹತ್ತುವಾಗಲೂ ಪಕ್ಕದವರ ಜೊತೆ ಮಾತಾಡಲು ಆಗುತ್ತಿದ್ದರೆ ನೀವು ತಯಾರಾಗಿದ್ದೀರಿ.

ಯಾವ ಕಡೆಯಿಂದ ಹತ್ತುವುದು ಎಂಬ ಚರ್ಚೆಯೂ ಇದೆ. ಗ್ರಿಂಡೆಲ್ವಾಲ್ಡ್ ಕಡೆಯಿಂದ ದಾರಿ ಚಿಕ್ಕದು, ಸುಮಾರು ಹತ್ತು ಕಿಲೋಮೀಟರ್. ಯಂಗ್‌ಫ್ರಾವ್ ಶಿಖರ ನೋಡಲು ಬಂದು ಇಂಟರ್‌ಲಾಕನ್‌ನಲ್ಲಿ ಉಳಿಯುವ ನಮ್ಮವರಿಗೆ ಅದು ಹತ್ತಿರವೂ ಹೌದು. ಆದರೂ ಮೈರಿಂಗನ್ ಕಡೆಯಿಂದಲೇ ಹತ್ತಿ ಅಂತ ಒತ್ತಾಯ ಮಾಡುತ್ತೇನೆ. ಈ ಕಡೆ ಕಣಿವೆ ನಿಧಾನವಾಗಿ ತೆರೆದುಕೊಳ್ಳುತ್ತದೆ. ಮೊದಲು ಕಾಡು, ಆಮೇಲೆ ಹುಲ್ಲು ಬಯಲು, ಆಮೇಲೆ ಹಿಮನದಿ, ಕೊನೆಗೆ ಕಲ್ಲಿನ ಗೋಡೆ. ಐಗರ್ ಕಾಣುವುದು ನೆತ್ತಿ ಮುಟ್ಟಿದ ಮೇಲೆಯೇ. ಆ ಕಡೆಯಿಂದ ಹತ್ತಿದರೆ ಐಗರ್ ಪೂರ್ತಿ ಬೆನ್ನ ಹಿಂದೆ ಉಳಿಯುತ್ತದೆ.

ಬೆಳಗ್ಗೆ ಏಳರ ಒಳಗೆ ಹೊರಡಿ. ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಸಾಮಾನ್ಯ. ಬೆಳಗ್ಗೆ ಆಕಾಶ ತಿಳಿಯಾಗಿದೆ ಅಂತ ನಂಬಿ ಹತ್ತು ಗಂಟೆಗೆ ಹೊರಡಬೇಡಿ. ಹಿಂದಿನ ಸಂಜೆ ಸ್ವಿಸ್ ಹವಾಮಾನ ಇಲಾಖೆಯ ಆ್ಯಪ್ ನೋಡಿ. ಅದರಲ್ಲಿ ಫ್ಯೋನ್ ಗಾಳಿಯ ಎಚ್ಚರಿಕೆ ಇದೆಯಾ ಅಂತಲೂ ನೋಡಿ. ದಕ್ಷಿಣದಿಂದ ಬೆಟ್ಟ ದಾಟಿ ಬಿಸಿಯಾಗಿ, ಒಣದಾಗಿ, ಜೋರಾಗಿ ಬೀಸುವ ಗಾಳಿ ಅದು. ಮೈರಿಂಗನ್‌ನವರಿಗೆ ಅದರ ಭಯ ಹಳೆಯದು. 1879ರಲ್ಲಿ ಒಮ್ಮೆ, 1891ರಲ್ಲಿ ಇನ್ನೊಮ್ಮೆ ಬೆಂಕಿ ಬಿದ್ದಾಗ ಫ್ಯೋನ್ ಬೀಸಿ ಊರಿನ ಹೆಚ್ಚಿನ ಭಾಗ ಸುಟ್ಟುಹೋಗಿತ್ತು. ಅಂಥ ಗಾಳಿ ಇರುವ ದಿನ ಘಾಟಿ ಇಳಿಯುವುದು ಬೇಡ, ಇನ್ನೊಂದು ದಿನ ನೋಡಿ.

ಮೈರಿಂಗನ್ ಸ್ಟೇಷನ್ನಿನಿಂದ ವಿಲ್ಲಿಗನ್ ಕಡೆ ಹೋಗಿ, ರೋಸನ್‌ಲಾವಿ ಎಂಬ ಫಲಕ ಹಿಡಿದು ತಿರುಗಿ. ಮೈ ಬಿಸಿಯಾಗುವ ಮೊದಲೇ ಏರು ಶುರುವಾಗುತ್ತದೆ. ಮೊದಲ ನಾಲ್ಕೈದು ಕಿಲೋಮೀಟರ್ ಕಾಡಿನೊಳಗೆ, ಹೇರ್‌ಪಿನ್ ತಿರುವುಗಳಲ್ಲಿ, ಬಹುಪಾಲು ಶೇಕಡ 10ರ ಆಸುಪಾಸು. ಕೆಲವು ಕಡೆ ಅದಕ್ಕೂ ಜಾಸ್ತಿ. ಇಡೀ ದಿನ ಹೇಗಿರುತ್ತದೆ ಎಂಬುದು ಇಲ್ಲೇ ತೀರ್ಮಾನವಾಗುತ್ತದೆ. ಅತಿ ಚಿಕ್ಕ ಗೇರ್ ಹಾಕಿ, ಪಕ್ಕದಲ್ಲಿ ಯಾರು ದಾಟಿಹೋದರೂ ಹೋಗಲಿ ಅಂತ ಬಿಡಿ. ತ್ಸ್ವಿರ್ಗಿ ಎಂಬ ಜಾಗ ತಲುಪುವ ಹೊತ್ತಿಗೆ ಕಾಲಿನಲ್ಲಿ ಶಕ್ತಿ ಉಳಿದಿರಬೇಕು. ಅಲ್ಲಿಂದ ರೈಷನ್‌ಬಾಖ್ ಜಲಪಾತ ಹತ್ತಿರ. ನೋಡುವ ಆಸೆ ಇದ್ದರೆ ಹಿಂದಿನ ದಿನವೇ ಮೈರಿಂಗನ್‌ನಿಂದ ನೋಡಿಬನ್ನಿ. ಏರಿನ ನಡುವೆ ಇಳಿದು ಹೋಗಿಬರುವುದು ಬೇಡ.

ಈ ಕೆಳಗಿನ ಭಾಗದಲ್ಲಿ ಸ್ವಲ್ಪ ಕಾರುಗಳು ಬರುತ್ತವೆ. ಬೆಳಗ್ಗೆ ಬೇಗ ಹೋದರೆ ಅವೂ ಕಡಿಮೆ.

ತ್ಸ್ವಿರ್ಗಿ ಆದ ಮೇಲೆ ಏರು ಸ್ವಲ್ಪ ಸಡಿಲವಾಗುತ್ತದೆ. ಹೊಳೆ ಪಕ್ಕದಲ್ಲೇ ಬರುತ್ತದೆ. ಮುಂದೆ ಕಾಡು ಇದ್ದಕ್ಕಿದ್ದಂತೆ ಮುಗಿದು ಗ್ಶ್ವಾಂಟನ್‌ಮಾಡ್ ಎಂಬ ಸಮತಟ್ಟಾದ ಬಯಲು ಸಿಗುತ್ತದೆ. ಎದುರಿಗೆ ವೆಲ್‌ಹಾರ್ನ್, ವೆಟರ್‌ಹಾರ್ನ್, ಎಡಕ್ಕೆ ಎಂಗೆಲ್‌ಹೋರ್ನರ್ ಶಿಖರಗಳ ಸಾಲು, ನಡುವೆ ರೋಸನ್‌ಲಾವಿ ಹಿಮನದಿ. ಇಲ್ಲಿ ದಯವಿಟ್ಟು ನಿಲ್ಲಿ. ಫೋಟೋ ತೆಗೆದು ಓಡಬೇಡಿ, ಸೈಕಲ್ ಮಲಗಿಸಿ ಹುಲ್ಲಿನ ಅಂಚಿನಲ್ಲಿ ಕೂತುಕೊಳ್ಳಿ. ಹುಲ್ಲಿನ ಒಳಗೆ ಮಾತ್ರ ತುಳಿಯಬೇಡಿ, ಅದು ದನಗಳಿಗೆ ಬೆಳೆಸಿದ ಮೇವು.

ರೋಸನ್‌ಲಾವಿ 1,328 ಮೀಟರಿನಲ್ಲಿದೆ. ಹಳೆಯ ಕಾಲದ ಹೋಟೆಲ್ ಒಂದಿದೆ, ಕಾಫಿ ಕುಡಿಯಲು ಸರಿಯಾದ ಜಾಗ. ಪಕ್ಕದಲ್ಲೇ ಹಿಮನದಿಯ ನೀರು ಕಲ್ಲು ಕೊರೆದು ಮಾಡಿದ ಆಳವಾದ ಕೊರಕಲು ಇದೆ. ಟಿಕೆಟ್ ಕೊಟ್ಟು ಒಳಗೆ ನಡೆದು ನೋಡಬಹುದು, ಮುಕ್ಕಾಲು ಗಂಟೆ ಬೇಕು. ನನ್ನ ಮಾತು ಕೇಳುವುದಾದರೆ ಇದನ್ನು ಬಿಡಬೇಡಿ. ಆದರೆ ಒಳಗೆ ನೆಲ ಒದ್ದೆ, ಮೆಟ್ಟಿಲು ಜಾಸ್ತಿ. ಅಡಿಯಲ್ಲಿ ಪೆಡಲ್‌ಗೆ ಸಿಕ್ಕಿಸುವ ಕ್ಲೀಟ್ ಹೊರಚಾಚಿರುವ ರೋಡ್ ಶೂ ಹಾಕಿದರೆ ಜಾರುತ್ತೀರಿ. ನಡೆಯಲು ಬರುವ ಮೌಂಟನ್ ಬೈಕ್ ಶೂ ಅಥವಾ ಸಾಮಾನ್ಯ ಶೂ ಹಾಕಿಕೊಂಡು ಬರುವುದು ಜಾಣತನ. ಬೆವರು ಆರಿದ ಮೈಗೆ ಒಳಗೆ ಚಳಿ ಹಿಡಿಯುತ್ತದೆ, ಜಾಕೆಟ್ ಹಾಕಿಕೊಂಡೇ ಹೋಗಿ.

ಇಲ್ಲಿಂದ ಶ್ವಾರ್ಟ್ಸ್‌ವಾಲ್ಡಾಲ್ಪ್ ಹತ್ತಿರ, 1,458 ಮೀಟರ್. ನೀರು, ಊಟ, ಶೌಚಾಲಯ ಎಲ್ಲ ಇಲ್ಲೇ ಮುಗಿಸಿಕೊಳ್ಳಿ. ಮುಂದೆ ನೆತ್ತಿಯವರೆಗೂ ಹೋಟೆಲ್ ಇಲ್ಲ. ದಾರಿಯಲ್ಲಿ ಮರದ ತೊಟ್ಟಿಗೆ ನೀರು ಬೀಳುವ ಕಡೆಗಳಲ್ಲಿ ಬಾಟಲಿ ತುಂಬಿಸಿಕೊಳ್ಳಬಹುದು. ‘ಕೈನ್ ಟ್ರಿಂಕ್‌ವಾಸರ್’ ಎಂಬ ಜರ್ಮನ್ ಫಲಕ ಕಂಡರೆ ಮಾತ್ರ ಕುಡಿಯಬೇಡಿ. ಅದು ಕುಡಿಯುವ ನೀರಲ್ಲ ಅಂತ ಎಚ್ಚರಿಕೆ.

ಸಸ್ಯಾಹಾರಿಗಳಿಗೆ ಒಂದು ಮಾತು. ಬೆಟ್ಟದ ಹೋಟೆಲುಗಳಲ್ಲಿ ಆಲೂಗಡ್ಡೆಯ ರೋಸ್ಟಿ, ಪಾಸ್ತಾ ಮತ್ತು ಆಲೂಗಡ್ಡೆಗೆ ಚೀಸ್ ಹಾಕಿ ಮಾಡುವ ಆಲ್ಪ್ಲರ್‌ಮಗ್ರೋನನ್ ಸಿಗುತ್ತವೆ. ಎರಡರಲ್ಲೂ ಹಂದಿ ಮಾಂಸದ ಚೂರು ಇರಬಹುದು, ಅವರು ಅದನ್ನು ಶ್ಪೆಕ್ ಅನ್ನುತ್ತಾರೆ. ‘ಓನೆ ಶ್ಪೆಕ್’ ಅಂದರೆ ಅದಿಲ್ಲದೆ ಕೊಡಿ ಅಂತ. ಬ್ರೆಡ್ ಮೇಲೆ ಚೀಸ್ ಕರಗಿಸಿ ಕೊಡುವ ಕೇಸೆಶ್ನಿಟ್ಟೆಗೆ ಬಹಳ ಕಡೆ ವೈನ್ ಹಾಕುತ್ತಾರೆ, ಬೇಡದವರು ಮೊದಲೇ ಕೇಳಿ. ಜೇಬಿನಲ್ಲಿ ಮನೆಯಿಂದ ತಂದ ಕಡಲೆ ಚಿಕ್ಕಿ, ಖರ್ಜೂರ ಇರಲಿ. ಭಾನುವಾರ ಅಲ್ಲಿ ಹೆಚ್ಚಿನ ಅಂಗಡಿಗಳು ಬಾಗಿಲು ಹಾಕಿರುತ್ತವೆ, ಶನಿವಾರವೇ ಹಣ್ಣು, ಬ್ರೆಡ್ ಕೊಂಡಿಡಿ. ಸ್ವಲ್ಪ ಸ್ವಿಸ್ ಫ್ರಾಂಕ್ ನಗದು ಬೇಕು. ದನದ ಕೊಟ್ಟಿಗೆಗಳ ಹತ್ತಿರ ಅಲ್ಲೇ ಮಾಡಿದ ಚೀಸ್ ಮಾರುತ್ತಾರೆ, ಕಾರ್ಡ್ ಎಲ್ಲ ಕಡೆ ನಡೆಯುವುದಿಲ್ಲ.

ಈಗ ಕೊನೆಯ ಐದು ಕಿಲೋಮೀಟರ್. ಇದಕ್ಕೇ ನಾನು ಈ ದಾರಿಯನ್ನು ಇಷ್ಟು ಹೊಗಳುತ್ತಿರುವುದು.

ಸುಮಾರು 500 ಮೀಟರ್ ಏರು ಇನ್ನೂ ಬಾಕಿ, ಅಂದರೆ ಮತ್ತೆ ಶೇಕಡ 10. ಮರಗಳು ಒಂದೊಂದಾಗಿ ಕಡಿಮೆಯಾಗುತ್ತವೆ. ಎಡಗಡೆ ವೆಟರ್‌ಹಾರ್ನ್ ಬಂಡೆ ನೇರವಾಗಿ ಎದ್ದು ನಿಂತಿದೆ. ಅದರ ತುದಿ 3,692 ಮೀಟರ್, ನೀವು ಅದರ ಬುಡದಲ್ಲೇ ತುಳಿಯುತ್ತಿದ್ದೀರಿ. ಎಂಜಿನ್ ಸದ್ದು ಇಲ್ಲವಾದ್ದರಿಂದ ಬೇರೆಲ್ಲ ಕೇಳುತ್ತದೆ. ದನಗಳ ಗಂಟೆ, ಎಷ್ಟೋ ದೂರದ ನೀರು, ನಿಮ್ಮದೇ ಚೈನ್. ಬಿಸಿಲೇರಿದ ಮೇಲೆ ಮೇಲಿನಿಂದ ಮಂಜುಗಡ್ಡೆಯೋ ಕಲ್ಲೋ ಉರುಳಿದ ಸದ್ದು ಬರುತ್ತದೆ. ಸದ್ದು ಬಂದ ಕಡೆ ನೋಡಿದರೆ ಏನೂ ಕಾಣುವುದಿಲ್ಲ, ಅಷ್ಟು ದೂರ. ಇಯರ್‌ಫೋನ್ ಹಾಕಿಕೊಂಡು ಹಾಡು ಕೇಳುತ್ತಾ ಹತ್ತುವವರನ್ನು ಇಲ್ಲಿ ಕಂಡಾಗ ನನಗೆ ನಿಜಕ್ಕೂ ಬೇಸರವಾಯಿತು.

ಇಯರ್‌ಫೋನ್ ಬೇಡ ಅನ್ನುವುದಕ್ಕೆ ಇನ್ನೊಂದು ಕಾರಣ ಬಸ್ಸು. ತಿರುವಿನ ಆಚೆ ಬಸ್ಸು ಬರುತ್ತಿದ್ದರೆ ಮೂರು ಸ್ವರದ ಹಾರ್ನ್ ಕೇಳುತ್ತದೆ. ಕೇಳಿದ ಕೂಡಲೇ ಅಗಲವಾದ ಜಾಗ ನೋಡಿ ಪಕ್ಕಕ್ಕೆ ನಿಲ್ಲಿ. ಇಂಥ ಬೆಟ್ಟದ ರಸ್ತೆಗಳಲ್ಲಿ ಪೋಸ್ಟ್ ಬಸ್ಸಿಗೆ ದಾರಿ ಬಿಡಬೇಕು, ಚಾಲಕ ಕೈಸನ್ನೆ ಮಾಡಿದರೆ ಹಾಗೆಯೇ ನಡೆದುಕೊಳ್ಳಬೇಕು. ಅದು ಅಲ್ಲಿನ ನಿಯಮ. ರಸ್ತೆಯಲ್ಲಿ ದನಗಳೂ ನಿಂತಿರುತ್ತವೆ. ಕರು ಜೊತೆಗಿದ್ದರೆ ಹತ್ತಿರ ಹೋಗಬೇಡಿ, ದೂರದಿಂದ ಸುತ್ತಿಕೊಂಡು ಅಥವಾ ಕಾದು ಹೋಗಿ.

ನೆತ್ತಿಯಲ್ಲಿ ಹೋಟೆಲ್ ಒಂದು, ಬಸ್ ಸ್ಟಾಪ್ ಒಂದು. 3,967 ಮೀಟರಿನ ಐಗರ್ ಎದುರಿಗೆ ನಿಲ್ಲುತ್ತದೆ. ಅಭ್ಯಾಸ ಇರುವವರು ಮೈರಿಂಗನ್‌ನಿಂದ ಇಲ್ಲಿಗೆ ಎರಡು ಗಂಟೆಯಲ್ಲಿ ಬರುತ್ತಾರೆ. ಸಾಮಾನ್ಯರಿಗೆ ತುಳಿಯುವುದಕ್ಕೇ ಮೂರರಿಂದ ಮೂರೂವರೆ ಗಂಟೆ ಅಂತ ಇಟ್ಟುಕೊಳ್ಳಿ, ನಿಲ್ಲುವ ಹೊತ್ತು ಬೇರೆ. 2011ರ ಟೂರ್ ಡಿ ಸ್ವಿಸ್ ಸೈಕಲ್ ಪಂದ್ಯದ ಒಂದು ಹಂತದಲ್ಲಿ ಗ್ರಿಮ್ಸೆಲ್ ದಾಟಿ ಬಂದವರು ಇದನ್ನೂ ಹತ್ತಿ ಗ್ರಿಂಡೆಲ್ವಾಲ್ಡ್‌ಗೆ ಇಳಿದಿದ್ದರು. ಆ ಹಂತ ಗೆದ್ದದ್ದು ಪೀಟರ್ ಸಗಾನ್. ಎರಡನ್ನೂ ಒಂದೇ ದಿನ ಮಾಡುವ ಆಸೆ ನಿಮಗೆ ಬಂದರೆ ಅದನ್ನು ಇನ್ನೊಂದು ಪ್ರವಾಸಕ್ಕೆ ಇಡಿ.

ಇಳಿಯುವ ಮೊದಲು ಒದ್ದೆ ಬನಿಯನ್ ಬದಲಾಯಿಸಿ, ಗಾಳಿ ತಡೆಯುವ ಜಾಕೆಟ್, ಪೂರ್ತಿ ಬೆರಳಿನ ಕೈಗವಸು ಹಾಕಿ. ಬೇಸಿಗೆಯಲ್ಲೂ ಬೆರಳು ಮರಗಟ್ಟಿದರೆ ಬ್ರೇಕ್ ಹಿಡಿಯಲು ಆಗುವುದಿಲ್ಲ. ಹತ್ತು ಕಿಲೋಮೀಟರಿನಲ್ಲಿ 900 ಮೀಟರಿಗೂ ಜಾಸ್ತಿ ಇಳಿತ. ಬ್ರೇಕನ್ನು ಒಂದೇ ಸಮನೆ ಒತ್ತಿಹಿಡಿಯಬೇಡಿ. ತಿರುವಿನ ಮೊದಲು ಗಟ್ಟಿಯಾಗಿ ಒತ್ತಿ, ಆಮೇಲೆ ಬಿಡಿ. ದನ ದಾಟದಂತೆ ರಸ್ತೆಗೆ ಅಡ್ಡ ಹಾಕಿದ ಕಬ್ಬಿಣದ ಕಂಬಿಗಳು ಅಲ್ಲಲ್ಲಿ ಸಿಗುತ್ತವೆ. ಅವುಗಳ ಮೇಲೆ ನೇರವಾಗಿ ದಾಟಿ, ತಿರುಗಿಸಬೇಡಿ, ಬ್ರೇಕ್ ಹಾಕಬೇಡಿ. ಮಳೆ ಬಂದಿದ್ದರೆ ಇಳಿದು ನಡೆಯಿರಿ.

ಕೆಳಗೆ ಹೋಟೆಲ್ ವೆಟರ್‌ಹಾರ್ನ್ ಹತ್ತಿರ ಒಂದು ಕ್ಷಣ ನಿಂತು ಬಂಡೆಯ ಕಡೆ ನೋಡಿ. 1908ರಲ್ಲಿ ಇಲ್ಲಿಂದ ಆ ಗೋಡೆಯ ಮೇಲಕ್ಕೆ ಜನರನ್ನು ಒಯ್ಯುವ ತಂತಿ ಗಾಡಿ ಶುರುವಾಗಿತ್ತು. ಮೊದಲ ಮಹಾಯುದ್ಧ ಬಂದಾಗ ಪ್ರವಾಸಿಗರು ಬರುವುದು ನಿಂತಿತು, ಅದೂ ನಿಂತಿತು.

ಅಪಘಾತ ಆದರೆ ಆಂಬುಲೆನ್ಸ್‌ಗೆ 144, ಬೆಟ್ಟದಲ್ಲಿ ಹೆಲಿಕಾಪ್ಟರ್ ನೆರವಿಗೆ ರೇಗಾ ಸಂಸ್ಥೆಯ 1414. ಪ್ರವಾಸ ವಿಮೆ ಮಾಡಿಸುವಾಗ ಬೆಟ್ಟದ ರಕ್ಷಣಾ ಖರ್ಚು, ಸೈಕಲ್ ಸವಾರಿ ಎರಡೂ ಸೇರಿವೆಯಾ ಅಂತ ಓದಿ ನೋಡಿ. ಘಾಟಿ ಸಾಮಾನ್ಯವಾಗಿ ಜೂನ್‌ನಿಂದ ಅಕ್ಟೋಬರ್‌ವರೆಗೆ ತೆರೆದಿರುತ್ತದೆ. ಹಿಮ ಅಥವಾ ಗುಡ್ಡ ಕುಸಿತದಿಂದ ಮುಚ್ಚುವುದೂ ಉಂಟು, ಹೊರಡುವ ವಾರ ವಿಚಾರಿಸಿ. ಬಸ್ಸಿನ ಸಮಯವನ್ನೂ ಬರೆದಿಟ್ಟುಕೊಳ್ಳಿ, ಸುಸ್ತಾದವರಿಗೆ ಅದೇ ಆಸರೆ. ಸೈಕಲ್‌ಗೆ ಜಾಗ ಇರುತ್ತದೆಯಾ ಅಂತ ಮೊದಲೇ ಕೇಳಿಕೊಳ್ಳಬೇಕು.

ಗ್ರಿಂಡೆಲ್ವಾಲ್ಡ್‌ನಿಂದ ಇಂಟರ್‌ಲಾಕನ್‌ಗೆ ಇಪ್ಪತ್ತು ಕಿಲೋಮೀಟರ್, ಹೊಳೆಯ ಜೊತೆಗೇ ಇಳಿಜಾರು. ಸೈಕಲ್‌ನಲ್ಲೇ ಹೋಗಬಹುದು, ರೈಲೂ ಇದೆ. ರೈಲಿನಲ್ಲಿ ಸೈಕಲ್‌ಗೆ ಬೇರೆ ಟಿಕೆಟ್ ಬೇಕು. ಚಕ್ರ ಬಿಚ್ಚಿ ಚೀಲದಲ್ಲಿ ಹಾಕಿದರೆ ಅದು ಲಗೇಜ್, ದುಡ್ಡು ಕೊಡಬೇಕಿಲ್ಲ. ಜ್ಯೂರಿಕ್ ಕಡೆಯಿಂದ ಇಂಟರ್‌ಸಿಟಿ ರೈಲಿನಲ್ಲಿ ಬರುವವರು ಬೇಸಿಗೆಯಲ್ಲಿ ಸೈಕಲ್‌ಗೆ ಜಾಗ ಮುಂಗಡ ಕಾದಿರಿಸಬೇಕು. ಇಂಟರ್‌ಲಾಕನ್ ಓಸ್ಟ್ ಸ್ಟೇಷನ್ನಿನಿಂದ ಮೈರಿಂಗನ್‌ಗೆ ರೈಲು ಬ್ರಿಯಂಟ್ಸ್ ಸರೋವರದ ದಡದಲ್ಲೇ ಹೋಗುತ್ತದೆ, ಅರ್ಧ ಗಂಟೆಗಿಂತ ಸ್ವಲ್ಪ ಜಾಸ್ತಿ ಹೊತ್ತು. ಬಾಡಿಗೆ ಸೈಕಲ್ ಅಂದೇ ವಾಪಸ್ ಕೊಡಬೇಕಿದ್ದರೆ ಅಂಗಡಿ ಮುಚ್ಚುವ ಹೊತ್ತು ಬೆಳಗ್ಗೆಯೇ ಕೇಳಿಟ್ಟುಕೊಂಡು, ಅದಕ್ಕೆ ತಕ್ಕ ರೈಲು ಹಿಡಿಯಿರಿ.