ನಾಲ್ಕು ಭಾಷೆ, ಒಂದು ಒಗ್ಗರಣೆ

ಬೆಳಿಗ್ಗೆ ಮಂಗಳೂರಿನ ಸ್ಟೇಟ್ ಬ್ಯಾಂಕ್ ಹತ್ತಿರ ಮೀನಿಗೆಂದು ಹೋಗಿದ್ದೆ. ಮೀನಿನ ಅಕ್ಕ ನನಗೆ ಬಂಗುಡೆಯ ರೇಟು ಹೇಳಿದ್ದು ತುಳುವಿನಲ್ಲಿ. ಪಕ್ಕದ ಬಾಯಮ್ಮನ ಹತ್ತಿರ ಕೊಂಕಣಿ. ಹಿಂದೆ ನಿಂತ ಕಾಕನ ಹತ್ತಿರ ಬ್ಯಾರಿ. ಘಟ್ಟದ ಮೇಲಿಂದ ಬಂದ ಹುಡುಗನಿಗೆ ಕನ್ನಡ, ಅದೂ 'ಚೆನ್ನಾಗಿದೆ ತಗೊಳ್ಳಿ' ಅಂತ ಅವನ ಊರಿನ ಧಾಟಿಯಲ್ಲೇ! ಇಷ್ಟರ ನಡುವೆ ಕತ್ತಿ ನಿಲ್ಲಲಿಲ್ಲ, ಚಿಲ್ಲರೆ ಲೆಕ್ಕ ಒಂದು ರೂಪಾಯಿ ತಪ್ಪಲಿಲ್ಲ.

ಎರಡು ಭಾಷೆ ಆಡುವವರಿಗೆ ಒಂದು ಕೆಲಸದಿಂದ ಇನ್ನೊಂದಕ್ಕೆ ಗಮನ ತಿರುಗಿಸುವುದು ಸಲೀಸು ಅಂತ ಒಂದು ವಾದ ಇದೆ. ಒಂದನ್ನು ಆಡುವಾಗ ಇನ್ನೊಂದನ್ನು ಅದುಮಿ ಹಿಡಿಯಬೇಕಲ್ವಾ, ಅದೇ ತಲೆಗೆ ಕಸರತ್ತು ಅಂತೆ. 2004ರಲ್ಲಿ ಕೆನಡಾದ ಮನಶ್ಶಾಸ್ತ್ರಜ್ಞೆ ಎಲೆನ್ ಬಿಯಾಲಿಸ್ಟಾಕ್ ಅವರ ತಂಡ ಭಾರತದ ತಮಿಳು-ಇಂಗ್ಲಿಷ್ ಮಾತುಗಾರರನ್ನೂ ಸೇರಿಸಿ ಪರೀಕ್ಷಿಸಿ, ದಾರಿ ತಪ್ಪಿಸುವ ಸುಳಿವನ್ನು ಅದುಮಿ ಹಿಡಿಯುವುದರಲ್ಲಿ ಎರಡು ಭಾಷೆಯವರು ಮುಂದು ಎಂದಿತ್ತು. ಆದರೆ 2018ರಲ್ಲಿ ಬೇರೆ ಸಂಶೋಧಕರು ವಯಸ್ಕರ ಮೇಲೆ ನಡೆದ 152 ಅಧ್ಯಯನಗಳನ್ನು ಒಟ್ಟಿಗೆ ತೂಗಿದರು. ಲಾಭ ಕಂಡ ಪ್ರಯೋಗಗಳೇ ಜಾಸ್ತಿ ಅಚ್ಚಾಗುವ ಚಾಳಿಯನ್ನು ಲೆಕ್ಕದಿಂದ ಕಳೆದರೆ, ಆ ಲಾಭ ಉಳಿಯಲೇ ಇಲ್ಲ.

ನನಗೂ ಅದೇ ಸರಿ ಅನಿಸುತ್ತದೆ. ಅಕ್ಕನ ಚುರುಕು ನಾಲ್ಕು ಭಾಷೆಯದ್ದಲ್ಲ, ವರ್ಷಗಟ್ಟಲೆ ಮೀನು ಮಾರಿದ ಕೈಯದ್ದು.

ನಾನೂ ಮೂರು ಭಾಷೆಯವನೇ ಮಾರಾಯ್ರೆ. ಮನೆಗೆ ಬಂದು, ಫೋನಿನಲ್ಲಿ ಅಮ್ಮನ ಹತ್ತಿರ ತುಳು, ಮಗಳ ಹೋಮ್‌ವರ್ಕಿಗೆ ಕನ್ನಡ ಅಂತ ಆಚೀಚೆ ಹಾರುವಷ್ಟರಲ್ಲಿ ಒಗ್ಗರಣೆಯ ಬೆಳ್ಳುಳ್ಳಿ ಸೀದು ಕಪ್ಪಾಗಿತ್ತು. ಮಗಳು ಮೂಗು ಮುಚ್ಚಿಕೊಂಡು ಕಿಟಕಿ ತೆರೆದಳು.